ತಗ್ಗಿಗೆ ಹರಿಯುವ ಗ್ಯಾಸು, ತಗ್ಗಿನಲ್ಲಿರುವ ಕೇರಿ

ಅಡುಗೆ ಗ್ಯಾಸಿಗೆ ಜಾತಿ ಗೊತ್ತಿಲ್ಲ. ಆದರೆ ಅದು ಗಾಳಿಗಿಂತ ಭಾರ. ಟ್ಯಾಂಕರ್ ಒಡೆದು ಸೋರಿದರೆ ಮೇಲಕ್ಕೆ ಹೋಗೋದಿಲ್ಲ. ಚರಂಡಿ, ಹಳ್ಳ, ತಗ್ಗು ಹುಡುಕಿಕೊಂಡು ನೆಲ ಹಿಡಿದೇ ಹರಿಯುತ್ತೆ. ನಮ್ಮ ಎಷ್ಟೋ ಊರುಗಳಲ್ಲಿ ಆ ತಗ್ಗಿನಲ್ಲಿ ಇರೋರು ಯಾರು? ಊರ ಹೊರಗೆ, ನೀರು ನಿಲ್ಲೋ ಜಾಗದಲ್ಲಿ ನಮ್ಮ ಕೇರಿ ಇರಬೇಕು ಅಂತ ತೀರ್ಮಾನ ಮಾಡಿದವರು ಯಾರು? ಜಾತಿ ನಮ್ಮನ್ನು ಅಲ್ಲಿಗೆ ದೂಡಿತು. ಈಗ ಅದರ ಪಕ್ಕದಲ್ಲೇ ಹೆದ್ದಾರಿ ಬಂದಿದೆ.

2012ರ ಆಗಸ್ಟ್ 27ರ ರಾತ್ರಿ, ಮಂಗಳೂರಿನಿಂದ ಹೊರಟ ಗ್ಯಾಸ್ ಟ್ಯಾಂಕರ್ ಕೇರಳದ ಕಣ್ಣೂರಿನ ಹತ್ತಿರ ಚಾಲದಲ್ಲಿ ಉರುಳಿ ಸಿಡಿಯಿತು. 20 ಜನ ಸತ್ತರು. 2013ರ ಏಪ್ರಿಲ್‌ನಲ್ಲಿ ನಮ್ಮದೇ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಇನ್ನೊಂದು. ರಸ್ತೆ ಬದಿಯ ಮನೆಗಳೂ ಮನುಷ್ಯರೂ ಸುಟ್ಟುಹೋದರು.

ಕಾನೂನು ಇಲ್ಲವೆ? ಇದೆ. 1984ರಲ್ಲಿ ಭೋಪಾಲದ ಬಡವರು ಸಾವಿರಗಟ್ಟಲೆ ಸತ್ತ ಮೇಲೆ ಸರ್ಕಾರಕ್ಕೆ ವಿಷದ ನೆನಪಾಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಪಾಯಕಾರಿ ಸರಕು ಸಾಗಿಸುವ ಚಾಲಕನಿಗೆ 3 ದಿನದ ತರಬೇತಿ ಬೇಕು. ಕ್ಯಾಬಿನ್ನಿನಲ್ಲಿ ಸೂಚನೆಯ ಕಾಗದ ಇರಬೇಕು. ಟ್ಯಾಂಕರಿನ ಮೈಮೇಲೆ ಬೋರ್ಡು ಇರಬೇಕು. ಬೋರ್ಡಿನ ಮೇಲೆ 1203 ಅಂದರೆ ಪೆಟ್ರೋಲು, 1075 ಅಂದರೆ ಅಡುಗೆ ಗ್ಯಾಸು, 1017 ಅಂದರೆ ಕ್ಲೋರಿನ್.

ಒಳ್ಳೆಯ ಬೋರ್ಡೇ ಸ್ವಾಮಿ. ಆದರೆ ಅದನ್ನು ಓದೋದು ಯಾರಿಗೆ ಕಲಿಸಿದ್ದೀರಿ? ಟ್ಯಾಂಕರ್ ಉರುಳಿದಾಗ ಮೊದಲು ಓಡಿ ಬರೋನು ಸಾಹೇಬನಲ್ಲ. ದನ ಕಾಯೋ ಹುಡುಗ, ಕೂಲಿ ಮುಗಿಸಿ ಬರೋ ಹೆಂಗಸು, ಚಹಾದಂಗಡಿಯವನು, ಕೈಯಲ್ಲಿ ಲಾಠಿ ಬಿಟ್ಟು ಬೇರೇನೂ ಇಲ್ಲದ ಪೇದೆ. ಅಗ್ನಿಶಾಮಕದ ಗಾಡಿ ತಾಲೂಕು ಕೇಂದ್ರದಿಂದ ಬರೋ ಹೊತ್ತಿಗೆ ಆಗಬೇಕಾದದ್ದು ಆಗಿರುತ್ತೆ. ಇನ್ನು ಕ್ಲೀನರ್? ಆ 3 ದಿನದ ತರಬೇತಿ ಚಾಲಕನದ್ದು. ಪೈಪು ಜೋಡಿಸೋ ಕೈ, ವಾಲ್ವ್ ತಿರುಗಿಸೋ ಕೈ, ಖಾಲಿ ಟ್ಯಾಂಕಿನ ಒಳಗೆ ಇಳಿದು ತೊಳೆಯೋ ಕೈ ಆ ಲೆಕ್ಕಕ್ಕೇ ಬರೋದಿಲ್ಲ. ಮಲದ ಗುಂಡಿಗೆ ನಮ್ಮನ್ನು ಬರಿಗೈಲಿ ಇಳಿಸಿ ರೂಢಿಯಾದ ಸಮಾಜ ಇದು. ಟ್ಯಾಂಕಿಗೆ ಇಳಿಸೋದಕ್ಕೆ ಹಿಂಜರಿಯುತ್ತದೆಯೆ?

2017ರ ಜೂನ್ 25ರಂದು ಪಾಕಿಸ್ತಾನದ ಅಹಮದ್‌ಪುರ್ ಶರ್ಕಿಯಾದಲ್ಲಿ ಪೆಟ್ರೋಲ್ ಟ್ಯಾಂಕರ್ ಉರುಳಿತು. ಹಳ್ಳಿಯ ಜನ ಬಿಂದಿಗೆ, ಕ್ಯಾನು ಹಿಡಿದು ಬಂದರು. 200ಕ್ಕೂ ಹೆಚ್ಚು ಜನ ಬೆಂದುಹೋದರು. ಇದನ್ನು ದುರಾಸೆ ಅನ್ನೋರಿದ್ದಾರೆ. ಹೊಟ್ಟೆ ತುಂಬಿದವರ ಮಾತು ಅದು. ಸೋರಿದ ಪೆಟ್ರೋಲಿನ ಆವಿ ಒಂದು ಕಿಡಿಗೆ ಕಾಯುತ್ತಿರುತ್ತೆ ಅಂತ ಆ ಜನಕ್ಕೆ ಮೊದಲೇ ಯಾರಾದರೂ ಕೂತು ತಿಳಿಸಿದ್ದರೆ?

ನಮ್ಮ ಪ್ರಕಾರ ತರಬೇತಿ ಅಂದರೆ ಸರ್ಟಿಫಿಕೇಟಿಗೆ ಮೊಹರು ಒತ್ತೋದಲ್ಲ. ವಾಸನೆ ಬಂದರೆ ಕಡ್ಡಿ ಗೀರಬಾರದು, ಸ್ವಿಚ್ ಮುಟ್ಟಬಾರದು, ಗಾಡಿ ಸ್ಟಾರ್ಟ್ ಮಾಡಬಾರದು. ಗ್ಯಾಸಿನ ನಡುವೆ ನುಗ್ಗದೆ ಬಳಸಿಕೊಂಡು, ಗಾಳಿ ಬೀಸಿಬರುವ ಕಡೆಗೆ, ಎತ್ತರಕ್ಕೆ ಹೋಗಬೇಕು. ದೂರ ಹೋದ ಮೇಲೆ 112ಕ್ಕೆ ಫೋನ್ ಮಾಡಿ, ಬೋರ್ಡಿನ ನಂಬರ್ ಕಂಡಿದ್ದರೆ ಹೇಳಬೇಕು. ಇಷ್ಟನ್ನು ಕಲಿಸೋಕೆ ಇಂಗ್ಲಿಷ್ ಬೇಕಾಗಿಲ್ಲ. ಕೇರಿಯ ಜನ ಕೂಲಿಯಿಂದ ಬಂದ ಮೇಲೆ, ಕೇರಿಯಲ್ಲೇ ಕೂತು, ಕನ್ನಡದಲ್ಲಿ, ತುಳುವಿನಲ್ಲಿ ಹೇಳಿದರೆ ಸಾಕು.

ನಾವು ಭಿಕ್ಷೆ ಕೇಳುತ್ತಿಲ್ಲ. ಕ್ಲೀನರನಿಗೂ, ತೊಳೆಯುವವನಿಗೂ ಕೂಲಿ ಕಡಿಯದೆ ತರಬೇತಿ ಕೊಡಿ. ಹೆದ್ದಾರಿ ಪಕ್ಕದ ಪ್ರತಿ ಕೇರಿಯಲ್ಲೂ, ಪ್ರತಿ ಠಾಣೆಯಲ್ಲೂ ಕೊಡಿ. ಅದರ ಖರ್ಚು ಸರಕಿನಿಂದ ಲಾಭ ಎಣಿಸುವ ಧಣಿಗಳು ಹೊರಲಿ. ಸತ್ತ ಮೇಲೆ ಕೊಡೋ ಪರಿಹಾರದ ಚೆಕ್ಕಿನ ಫೋಟೋ ನಮಗೆ ಬೇಡ.

ಮೇಷ್ಟ್ರೇ, ಸರ್ಕಾರದ ಆದೇಶಕ್ಕೆ ಕಾಯಬೇಡಿ. ನಾಳೆಯೇ ಕರಿಹಲಗೆಯ ಮೇಲೆ ಬರೆಯಿರಿ: 1203, 1075, 1017. ಮಕ್ಕಳು ಅದನ್ನು ಮನೆಗೆ ಒಯ್ಯಲಿ.