ಇಬ್ಬರು ಕರೆದರೆ ಮಾತ್ರ ಬೆಲೆ

ಸೂಪರ್ ಬೌಲ್ ಎಂದರೆ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಮಧ್ಯಂತರದ ಹಾಡು, ಕುಣಿತ ಮತ್ತು ದುಬಾರಿ ಜಾಹೀರಾತು. ಅಮೆರಿಕನ್ ಫುಟ್‌ಬಾಲ್‌ನ ನಿಯಮ ಗೊತ್ತಿರುವವರು ಕಮ್ಮಿ, ನನಗೂ ಅರ್ಧಂಬರ್ಧ. ಆದರೆ ಮೊದಲ ಸೂಪರ್ ಬೌಲ್ ಹುಟ್ಟಿದ ಕಥೆಯನ್ನು ಕೆಲಸ ಹುಡುಕುವವರೆಲ್ಲ ಓದಬೇಕು. ಕಾಲೇಜು ಮುಗಿಸಿದ ಹುಡುಗರಿಗಾಗಿ ಎರಡು ಸಂಸ್ಥೆಗಳು ಕಿತ್ತಾಡಿದ ಕಥೆ ಅದು.

1920ರಲ್ಲಿ ಶುರುವಾದ ಎನ್‌ಎಫ್‌ಎಲ್, 1950ರ ದಶಕದ ಕೊನೆಗೆ ಆ ಆಟದ ಏಕೈಕ ದೊಡ್ಡ ದಣಿ. ಡ್ರಾಫ್ಟ್‌ನಲ್ಲಿ ತಂಡಗಳು ಸರದಿ ಪ್ರಕಾರ ಹುಡುಗರನ್ನು ಆರಿಸಿಕೊಳ್ಳುತ್ತಿದ್ದವು. ಆರಿಸಿದ ತಂಡದ ಜೊತೆ ಮಾತ್ರ ಚೌಕಾಸಿ. ಒಂದೇ ಕಂಪನಿ ಬರುವ ಪ್ಲೇಸ್‌ಮೆಂಟ್ ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಟೆಕ್ಸಾಸ್‌ನ ಎಣ್ಣೆ ಕುಬೇರನ ಮಗ ಲಾಮಾರ್ ಹಂಟ್ ಈ ಲೀಗಿನ ಒಂದು ತಂಡವನ್ನು ಕೊಳ್ಳಲು ಹೋಗಿ ಬರಿಗೈಲಿ ಮರಳಿದರು. 1959ರಲ್ಲಿ, 27ನೇ ವಯಸ್ಸಿಗೆ, ತಮ್ಮದೇ ಲೀಗ್ ಎಎಫ್‌ಎಲ್ ಕಟ್ಟಿದರು. ಮರುವರ್ಷ ಎಂಟು ತಂಡಗಳು ಕಣಕ್ಕಿಳಿದವು. ನಷ್ಟ ನೋಡಿ ಮಾಲೀಕರೇ ತಮ್ಮನ್ನು ‘ಮೂರ್ಖರ ಕ್ಲಬ್’ ಎಂದು ಕರೆದುಕೊಂಡರು. ಆದರೆ ಹುಡುಗರ ಅದೃಷ್ಟ ಖುಲಾಯಿಸಿತು.

ಬೇರೆ ಲೀಗಿನವರ ಕಣ್ಣಿಗೆ ಬೀಳದಂತೆ ಪ್ರತಿಭಾವಂತರನ್ನು ಹೋಟೆಲುಗಳಲ್ಲಿ ಬಚ್ಚಿಡುವ ಮಟ್ಟಕ್ಕೆ ಪೈಪೋಟಿ ಬೆಳೆಯಿತು. 1964ರಲ್ಲಿ ಎನ್‌ಎಫ್‌ಎಲ್ ಕಡೆಯವರು ಓಟಿಸ್ ಟೇಲರ್‌ರನ್ನು ಡಲ್ಲಾಸ್ ಬಳಿಯ ಮೋಟೆಲ್‌ನಲ್ಲಿ ಇಟ್ಟಿದ್ದರು. ಹಂಟ್ ತಂಡದ ಪ್ರತಿಭಾ ಶೋಧಕ ಲಾಯ್ಡ್ ವೆಲ್ಸ್ ರಾತ್ರೋರಾತ್ರಿ ಅವರನ್ನು ಕಿಟಕಿಯಿಂದ ಇಳಿಸಿ ಕರೆದೊಯ್ದರು! ಮರುವರ್ಷ ಜೋ ನಾಮತ್ ಅವರಿಗೆ ನ್ಯೂಯಾರ್ಕ್ ಜೆಟ್ಸ್ 4.27 ಲಕ್ಷ ಡಾಲರ್‌ ಕೊಟ್ಟಿದ್ದು ದೇಶದ ತುಂಬ ಸುದ್ದಿಯಾಯಿತು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಬಕ್ ಬ್ಯೂಕ್ಯಾನನ್ ಕಥೆ. ಅವರು ಓದಿದ್ದು ಗ್ರ್ಯಾಂಬ್ಲಿಂಗ್ ಎಂಬ ಕಪ್ಪು ಜನರ ಕಾಲೇಜಿನಲ್ಲಿ. 1963ರ ಎಎಫ್‌ಎಲ್ ಡ್ರಾಫ್ಟ್‌ನಲ್ಲಿ ಅವರದೇ ಮೊದಲ ಹೆಸರು. ಅದೇ ವರ್ಷದ ಎನ್‌ಎಫ್‌ಎಲ್ ಪಟ್ಟಿಯಲ್ಲಿ ಅವರು 265ನೆಯವರು. ಹುಡುಗ ಅವನೇ, ದೇಹಬಲ ಅದೇ. ನೋಡುವ ಕಣ್ಣು ಇನ್ನೊಂದು ಇರದಿದ್ದರೆ ‘ಮೆರಿಟ್’ ಪ್ರಕಾರ ಅವರು 265ನೆಯವರಾಗಿಯೇ ಉಳಿಯುತ್ತಿದ್ದರು.

1966ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಎಎಫ್‌ಎಲ್‌ನ ಕಿಕ್ಕರ್ ಪೀಟ್ ಗೊಗೊಲಾಕ್‌ರನ್ನು ಸೆಳೆದುಕೊಂಡಿತು. ಸಿಟ್ಟಿಗೆದ್ದ ಎಎಫ್‌ಎಲ್ ಆಯುಕ್ತ ಅಲ್ ಡೇವಿಸ್ ಎದುರಾಳಿಗಳ ಕ್ವಾರ್ಟರ್‌ಬ್ಯಾಕ್‌ಗಳಿಗೇ ಬಲೆ ಬೀಸಿದರು. ಆದರೆ ಆಗಲೇ ಹಂಟ್ ಡಲ್ಲಾಸ್ ವಿಮಾನ ನಿಲ್ದಾಣದ ಪಾರ್ಕಿಂಗ್‌ನಲ್ಲಿ, ಕಾರಿನೊಳಗೆ ಕೂತು, ಕೌಬಾಯ್ಸ್ ತಂಡದ ಟೆಕ್ಸ್ ಶ್ರಾಮ್ ಜೊತೆ ಗುಟ್ಟಾಗಿ ಸಂಧಾನ ಶುರುಮಾಡಿದ್ದರು. ಜೂನ್ 8ರಂದು ವಿಲೀನ ಘೋಷಣೆಯಾಯಿತು: ಎರಡಕ್ಕೂ ಒಂದೇ ಡ್ರಾಫ್ಟ್, ಕೊನೆಯಲ್ಲಿ ಇಬ್ಬರು ಚಾಂಪಿಯನ್ನರ ನಡುವೆ ಒಂದು ಪಂದ್ಯ. ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ಸಂಸತ್ತೇ ವಿನಾಯಿತಿ ಕೊಟ್ಟಿತು. ಆ ಮಸೂದೆಗೆ ದುಡಿದ ಇಬ್ಬರು ನಾಯಕರು ಲೂಸಿಯಾನಾದವರು. ಕೆಲವೇ ದಿನಗಳಲ್ಲಿ ಅವರ ರಾಜ್ಯದ ನ್ಯೂ ಓರ್ಲಿಯನ್ಸ್‌ಗೆ ಹೊಸ ತಂಡ ಸಿಕ್ಕಿತು. ರಾಜಕೀಯ ಎಲ್ಲ ಕಡೆ ಒಂದೇ.

ಆ ಮೊದಲ ಪಂದ್ಯ ನಡೆದದ್ದು 1967ರ ಜನವರಿ 15ರಂದು, ಲಾಸ್ ಏಂಜಲೀಸ್‌ನಲ್ಲಿ. ಸುಮಾರು ಮೂರನೇ ಒಂದರಷ್ಟು ಸೀಟು ಖಾಲಿ. ಗ್ರೀನ್ ಬೇ ಪ್ಯಾಕರ್ಸ್ 35, ಕಾನ್ಸಾಸ್ ಸಿಟಿ ಚೀಫ್ಸ್ 10. ಟೇಲರ್, ಬ್ಯೂಕ್ಯಾನನ್ ಇಬ್ಬರೂ ಸೋತ ತಂಡದಲ್ಲಿದ್ದರು.

ಜಗಳ ಮುಂದುವರಿದಿದ್ದರೆ ಕೆಲವು ತಂಡಗಳು ದಿವಾಳಿಯಾಗುತ್ತಿದ್ದವು ಎನ್ನುವವರಿದ್ದಾರೆ. ಇರಬಹುದು. ಆದರೆ ಆ ರಾಜಿಯ ಮೇಜಿನಲ್ಲಿ ಆಟಗಾರರಿಗೆ ಕುರ್ಚಿ ಇರಲಿಲ್ಲ. ಹೊಸದಾಗಿ ಕಾಲೇಜು ಮುಗಿಸಿದವರಿಗೆ ಮತ್ತೆ ಒಬ್ಬನೇ ದಣಿ. ಒಪ್ಪಂದ ಮುಗಿದ ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗುವ ನಿಜವಾದ ಸ್ವಾತಂತ್ರ್ಯ ಸಿಕ್ಕಿದ್ದು ಕೋರ್ಟು ಮೆಟ್ಟಿಲು ಹತ್ತಿ ಇಳಿದ ಮೇಲೆ, 1993ರಲ್ಲಿ.