ಮಳೆಗಾಲದಲ್ಲಿ ರಾಡ್ ಬ್ರೇಕ್ ನಂಬಬಹುದೇ?

ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಎರಡು ಪಕ್ಷಗಳಿವೆ. ಒಂದು ಅಜ್ಜನ ಕಾಲದ ಕಪ್ಪು ಸೈಕಲ್ಲಿನವರದ್ದು, ಇನ್ನೊಂದು ಡಿಸ್ಕ್ ಬ್ರೇಕಿನ ಗೇರ್ ಸೈಕಲ್ಲಿನವರದ್ದು. ನಾನು ದಿನವೂ ಬರುವುದು ಅಜ್ಜನ ಸೈಕಲ್ಲಿನಲ್ಲಿ. ಆದರೂ ಬ್ರೇಕಿನ ವಿಷಯದಲ್ಲಿ ನನ್ನ ಮತ ಹೊಸದಕ್ಕೇ.

ರಾಡ್ ಬ್ರೇಕಿನಲ್ಲಿ ಕೇಬಲ್ ಇಲ್ಲ. ಹಿಡಿ ಒತ್ತಿದರೆ ಕಬ್ಬಿಣದ ಸರಳುಗಳು ರಬ್ಬರ್ ತುಂಡುಗಳನ್ನು ಎಳೆದು ರಿಮ್ಮಿನ ಒಳಮೈಗೆ ಒತ್ತುತ್ತವೆ. ಕೇಬಲ್ಲಿನಂತೆ ತುಂಡಾಗುವ ಭಯವಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಒಣ ರಸ್ತೆಯಲ್ಲಿ ನಿಧಾನವಾಗಿ ಹೋಗುವವರಿಗೆ ಅಷ್ಟು ಸಾಕು. ಆದರೆ ಆ ರಿಮ್ ಕ್ರೋಮ್ ಲೇಪಿಸಿದ ಉಕ್ಕು. ಒದ್ದೆಯಾದರೆ ರಬ್ಬರಿಗೆ ಹಿಡಿತವೇ ಸಿಗುವುದಿಲ್ಲ.

ಹೊಸ ಸೈಕಲ್ಲುಗಳ ಅಲ್ಯೂಮಿನಿಯಂ ರಿಮ್ ಒದ್ದೆಯಲ್ಲೂ ಇದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. 1996ರಲ್ಲಿ ಶಿಮಾನೋ ಕಂಪನಿ ತಂದ ವಿ-ಬ್ರೇಕ್ ಉದ್ದ ತೋಳುಗಳಿಂದ ರಿಮ್ಮನ್ನು ಎರಡೂ ಬದಿಯಿಂದ ಅದುಮುತ್ತದೆ. ಡಿಸ್ಕ್ ಇರುವುದು ಚಕ್ರದ ನಡುವೆ, ರಸ್ತೆಯ ಕೆಸರುನೀರಿನಿಂದ ದೂರ.

ಇದು ಎಷ್ಟು ಮುಖ್ಯ ಎಂದು ನಮ್ಮ ಭೌತಶಾಸ್ತ್ರದ ಪಾಠವೇ ಹೇಳುತ್ತದೆ. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. ಗಂಟೆಗೆ 10 ಕಿ.ಮೀ. ವೇಗದಲ್ಲಿ 2 ಮೀಟರಿನಲ್ಲಿ ನಿಲ್ಲುವ ಸೈಕಲ್ಲಿಗೆ 20 ಕಿ.ಮೀ. ವೇಗದಲ್ಲಿ 8 ಮೀಟರ್ ಬೇಕು. ಒದ್ದೆಯಾಗಿ ಬ್ರೇಕಿನ ಬಲ ಅರ್ಧಕ್ಕಿಳಿದರೆ 16 ಮೀಟರ್. ನಮ್ಮ ಗೇಟಿನ ಮುಂದಿನ ಇಳಿಜಾರು ಮುಗಿಯುವುದೇ ಬಸ್ಸು ಓಡಾಡುವ ರಸ್ತೆಯಲ್ಲಿ.

ಹಾಗೆಂದು ಡಿಸ್ಕ್ ಬ್ರೇಕಿನ ಗೆಳೆಯರು ಬೀಗಬೇಕಿಲ್ಲ. ಡಿಸ್ಕಿಗೆ ಚೈನಿನ ಎಣ್ಣೆ ತಾಗಿದರೆ, ಪ್ಯಾಡ್ ಸವೆದರೆ, ಕೇಬಲ್ ತುಕ್ಕು ಹಿಡಿದರೆ ಅದೂ ಕೈಕೊಡುತ್ತದೆ. ಕೆಲವರು ಮುಗ್ಗರಿಸುವ ಭಯಕ್ಕೆ ಮುಂದಿನ ಬ್ರೇಕನ್ನೇ ಸಡಿಲ ಮಾಡಿಸಿದ್ದಾರೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ, ಹಾಗಾಗಿ ಸೈಕಲ್ಲನ್ನು ಹೆಚ್ಚಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ. ಅದನ್ನು ಹದವಾಗಿ, ಹಿಂದಿನದರ ಜೊತೆ ಒತ್ತಲು ಕಲಿಯಬೇಕು.

"ಹಾಗಾದರೆ ಹೊಸ ಸೈಕಲ್ ತೆಗೆದುಕೋ" ಎನ್ನುವುದು ಸುಲಭ. ಎಲ್ಲರ ಮನೆಯಲ್ಲೂ ಅದಕ್ಕೆ ದುಡ್ಡಿರುವುದಿಲ್ಲ. ಹಳೆಯ ಸೈಕಲ್ಲನ್ನು ನೋಡಿ ನಗುವುದರಿಂದ ಯಾರ ಬ್ರೇಕೂ ಸರಿಯಾಗುವುದಿಲ್ಲ. ರಬ್ಬರ್ ಬದಲಿಸಲು, ಸರಳು ಬಿಗಿ ಮಾಡಲು, ಓರೆಯಾದ ಚಕ್ರ ನೇರ ಮಾಡಲು ಹೆಚ್ಚು ಖರ್ಚಿಲ್ಲ. ಮಳೆಯಲ್ಲಿ ಮೊದಲೇ ಮೆಲ್ಲಗೆ ಬ್ರೇಕ್ ಒತ್ತುತ್ತಾ ಬಂದರೆ ರಿಮ್ಮಿನ ನೀರು ಸ್ವಲ್ಪ ಒರೆಸಿಹೋಗುತ್ತದೆ. ಇಳಿಜಾರಿನಲ್ಲಿ ಇಳಿದು ತಳ್ಳಿಕೊಂಡು ಹೋದರೆ ಅವಮಾನವೇನೂ ಇಲ್ಲ.

ವಿದ್ಯಾರ್ಥಿ ಸಂಘಕ್ಕೆ ನನ್ನದೊಂದು ಮನವಿ: ಮಳೆಗಾಲಕ್ಕೆ ಮೊದಲು ಒಂದು ದಿನ ಸೈಕಲ್ ರಿಪೇರಿಯವರೊಬ್ಬರನ್ನು ಸ್ಟ್ಯಾಂಡಿಗೆ ಕರೆಸಿ. ಹಳೆಯದಿರಲಿ, ಹೊಸದಿರಲಿ, ಪ್ರತಿ ಸೈಕಲ್ಲಿನ ಎರಡೂ ಬ್ರೇಕ್ ಪರೀಕ್ಷೆಯಾಗಲಿ. ರಬ್ಬರಿನ ಖರ್ಚನ್ನು ಸಂಘವೇ ಭರಿಸಿದರೆ ಇನ್ನೂ ಒಳ್ಳೆಯದು.