ಇಂಧನ ತುಂಬಿಸಿದ್ದು ಯಾರನ್ನು ಕೇಳಿ?

ಕುವೈತ್ ಯುದ್ಧದ ಮಾತು ಬಂದಾಗಲೆಲ್ಲ ದೆಹಲಿಯಲ್ಲಿ ಜನ ನೆನೆಯುವುದು ಒಂದೇ ಫೋಟೋವನ್ನು: 1990ರ ಆಗಸ್ಟ್‌ನಲ್ಲಿ ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಂ ಹುಸೇನರನ್ನು ಅಪ್ಪಿಕೊಂಡದ್ದು. ಅದು ತಪ್ಪೇ. ಆದರೆ ಐದು ತಿಂಗಳ ನಂತರ ಇದೇ ದೆಹಲಿ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು, ಮತ್ತು ಅದನ್ನು ನಾವು ಮರೆತೇ ಬಿಟ್ಟಿದ್ದೇವೆ.

ಇರಾನಿನ ಜೊತೆ ಎಂಟು ವರ್ಷ ಕಾದಾಡಿ ಸಾಲದಲ್ಲಿ ಮುಳುಗಿದ್ದ ಇರಾಕ್‌ಗೆ ಸಾಲ ಕೊಟ್ಟವರಲ್ಲಿ ಕುವೈತೂ ಒಂದು. ಕುವೈತ್ ಮಿತಿಮೀರಿ ತೈಲ ತೆಗೆದು ಬೆಲೆ ಇಳಿಸುತ್ತಿದೆ, ರುಮೈಲಾ ನಿಕ್ಷೇಪದ ತೈಲ ಕದಿಯುತ್ತಿದೆ ಎಂಬುದು ಸದ್ದಾಂ ದೂರು. ಆಗಸ್ಟ್ 2ರಂದು ಸೇನೆ ನುಗ್ಗಿತು. ಅದೇ ತಿಂಗಳು ಕುವೈತ್ ಇರಾಕಿನ 19ನೇ ಪ್ರಾಂತ್ಯವೆಂಬ ಘೋಷಣೆಯೂ ಆಯಿತು. ತೈಲಕ್ಕಾಗಿ ನೆರೆಯ ದೇಶವನ್ನೇ ನುಂಗಿದ ಈ ಕೃತ್ಯವನ್ನು ಖಂಡಿಸಲು ದೆಹಲಿ ತಡವರಿಸಿತು. ಕುವೈತಿನಲ್ಲಿ ನಮ್ಮವರು ಲಕ್ಷಕ್ಕೂ ಮಿಕ್ಕಿ ಸಿಕ್ಕಿಬಿದ್ದಿದ್ದರು, ಮಂಗಳೂರು, ಉಡುಪಿ, ಭಟ್ಕಳದವರೂ ಅವರಲ್ಲಿದ್ದರು ಎಂಬ ಕಾರಣವನ್ನಾದರೂ ಆಗ ಒಪ್ಪಬಹುದಿತ್ತು.

1991ರ ಜನವರಿಯಲ್ಲಿ ಆ ಕಾರಣವೂ ಉಳಿದಿರಲಿಲ್ಲ. ಅಮ್ಮಾನ್ ಮೂಲಕ ಏರ್ ಇಂಡಿಯಾ ನಡೆಸಿದ ತೆರವು ಅಕ್ಟೋಬರ್‌ನಲ್ಲೇ ಮುಗಿದಿತ್ತು. ಆದರೂ ಅಷ್ಟರಲ್ಲಿ ಅಧಿಕಾರಕ್ಕೆ ಬಂದಿದ್ದ ಚಂದ್ರಶೇಖರ್ ಸರ್ಕಾರ ಮುಂಬೈ, ಮದ್ರಾಸ್, ಆಗ್ರಾಗಳಲ್ಲಿ, ಇರಾಕ್ ವಿರುದ್ಧದ ಯುದ್ಧಕ್ಕಾಗಿ ಹೊರಟಿದ್ದ ಅಮೆರಿಕದ ಸೇನಾ ವಿಮಾನಗಳಿಗೆ ಸದ್ದಿಲ್ಲದೆ ಇಂಧನ ತುಂಬಿಸಿತು. ದೇಶಕ್ಕೆ ಗೊತ್ತಾದದ್ದು ಪತ್ರಿಕೆಗಳಿಂದ. ಗದ್ದಲ ಎದ್ದಿತು, ಹೊರಗಿನಿಂದ ಬೆಂಬಲ ಕೊಟ್ಟಿದ್ದ ಕಾಂಗ್ರೆಸ್ಸಿನ ರಾಜೀವ್ ಗಾಂಧಿಯವರೇ ತಿರುಗಿಬಿದ್ದರು, ಫೆಬ್ರವರಿಯಲ್ಲಿ ಸೌಲಭ್ಯ ನಿಂತಿತು.

ಖಜಾನೆ ಬರಿದಾಗಿತ್ತು, ಐಎಂಎಫ್ ಸಾಲ ಬೇಕಿತ್ತು, ಅಮೆರಿಕವನ್ನು ಎದುರುಹಾಕಿಕೊಳ್ಳುವಂತಿರಲಿಲ್ಲ ಎಂಬ ಸಮರ್ಥನೆಯನ್ನು ಈಗಲೂ ಕೇಳುತ್ತೇವೆ. ಖಜಾನೆಯ ಸ್ಥಿತಿ ನಿಜವೇ. ತೈಲದ ಬೆಲೆ ಪೀಪಾಯಿಗೆ 40 ಡಾಲರ್ ದಾಟಿತ್ತು, ಕೊಲ್ಲಿಯಿಂದ ಬರುವ ಹಣ ಕುಸಿದಿತ್ತು. ಪೆಟ್ರೋಲಿಯಂ ಉತ್ಪನ್ನಗಳ ಮೇಲೆ ಶೇ. 25ರ ಗಲ್ಫ್ ಸರ್ಚಾರ್ಜ್ ಬಿತ್ತು. 1991ರ ಮೇ ತಿಂಗಳಲ್ಲಿ 20 ಟನ್, ಜುಲೈನಲ್ಲಿ ಸುಮಾರು 47 ಟನ್ ಚಿನ್ನ ಹಣಕ್ಕಾಗಿ ವಿದೇಶಕ್ಕೆ ಹೋಯಿತು. ಇಷ್ಟೆಲ್ಲ ಹೊರೆ ಹೊತ್ತ ಜನರಿಗೆ, ತಮ್ಮ ನೆಲವನ್ನು ಯಾವ ಯುದ್ಧಕ್ಕೆ, ಯಾವ ಷರತ್ತಿಗೆ ಕೊಡಲಾಗಿದೆ ಎಂದು ತಿಳಿಯುವ ಹಕ್ಕಿರಲಿಲ್ಲವೇ? ಕಷ್ಟವಿದ್ದರೆ ಅದನ್ನೇ ಸಂಸತ್ತಿನಲ್ಲಿ ನಿಂತು ಹೇಳಬೇಕಿತ್ತು. ಮುಚ್ಚಿಟ್ಟು ಮಾಡಿದ್ದರಿಂದಲೇ ಅದು ಹಂಗಿನ ಕೆಲಸವಾಗಿ ಕಂಡಿತು.

ಸಂಸತ್ತು ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ 2003 ಸಾಕ್ಷಿ. ಇರಾಕ್ ಮೇಲಿನ ದಾಳಿಯ ವಿರುದ್ಧ ಏಪ್ರಿಲ್‌ನಲ್ಲಿ ಲೋಕಸಭೆ ಒಮ್ಮತದ ನಿರ್ಣಯ ಮಾಡಿತು. ಅಲ್ಲಿಗೆ ಸೈನಿಕರನ್ನು ಕಳಿಸಿ ಎಂದು ಅಮೆರಿಕ ಒತ್ತಾಯಿಸಿದಾಗ ಜುಲೈನಲ್ಲಿ ವಾಜಪೇಯಿ ಸರ್ಕಾರ ಒಲ್ಲೆನೆಂದಿತು. ಸದನದ ಮಾತು ಬೆನ್ನಿಗಿದ್ದುದರಿಂದಲೇ ಆ ಧೈರ್ಯ ಸುಲಭವಾಯಿತೆಂದು ನಾನು ನಂಬಿದ್ದೇನೆ.

ಆ ಪಾಠ ಮುಂದುವರಿಯಲಿಲ್ಲ. ಒಂದು ಕಾಲಕ್ಕೆ ದೇಶವನ್ನೇ ಕೆರಳಿಸಿದ್ದ ಇಂಧನದ ಸೌಲಭ್ಯ, 2016ರ ಆಗಸ್ಟ್‌ನಲ್ಲಿ ಅಮೆರಿಕದ ಜೊತೆ ಸಹಿಯಾದ ಲೆಮೋವಾ ಎಂಬ ಸೇನಾ ಸರಬರಾಜು ಒಪ್ಪಂದದಲ್ಲಿ ಮಾಮೂಲು ವ್ಯವಸ್ಥೆಯಾಗಿ ಸೇರಿಕೊಂಡಿತು. ಪ್ರತಿ ಸಲವೂ ಪ್ರತ್ಯೇಕ ಅನುಮತಿ ಬೇಕು ಎನ್ನುತ್ತದೆ ಸರ್ಕಾರ. ಅನುಮತಿ ಕೊಡುವುದೂ ಸರ್ಕಾರವೇ. ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂಬ ಕಾನೂನಿಲ್ಲ.

ಅಂಥ ಕಾನೂನು ಈಗಲಾದರೂ ಬರಬೇಕು. ಯುದ್ಧಕ್ಕೆ ಹೊರಟ ಯಾವುದೇ ದೇಶದ ವಿಮಾನಕ್ಕೆ, ಹಡಗಿಗೆ ನಮ್ಮಲ್ಲಿ ಇಂಧನ ಕೊಡುವ ಮುನ್ನ ಸರ್ಕಾರ ಎರಡೂ ಸದನಗಳ ಒಪ್ಪಿಗೆ ಪಡೆಯಲಿ. ಅಧಿವೇಶನ ಇಲ್ಲದಿದ್ದರೆ ಕರೆಯಲಿ.